ಗಾಳಿಗೆ ಮಾಡು ಹಾರಿದ ಮೇಲೆ: ಮಲಾಡ್ ಮನೆಗಳಿಗೆ ಏಳು ಸೂತ್ರಗಳು

ಬೀದರ್, ಕಲಬುರಗಿ ಕಡೆಯಿಂದ ಬಂದು ಮಲಾಡ್‌ನಲ್ಲಿ ನೆಲೆಸಿದವರಿಗೆ ಬೇಸಿಗೆಯ ಆಲಿಕಲ್ಲು ಗೊತ್ತು. ಮುಂಬಯಿಯಲ್ಲಿ ಅದು ಅಪರೂಪ. ಇಲ್ಲಿ ಮಾಡು ಕೀಳುವುದು ಮೇ ತಿಂಗಳ ಗಾಳಿ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿ ಕರಾವಳಿಯಾಚೆ ಸಮುದ್ರದಲ್ಲಿ ಹಾದುಹೋದಾಗ ನಗರದಲ್ಲಿ ಗಾಳಿಯ ವೇಗ ಗಂಟೆಗೆ ನೂರು ಕಿ.ಮೀ. ದಾಟಿತ್ತು. ಏಟು ಆಲಿಕಲ್ಲಿನದಾಗಲಿ ಗಾಳಿಯದಾಗಲಿ, ಆಮೇಲೆ ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಒಂದೇ.

1. ಮೇನ್ ಸ್ವಿಚ್ ಆರಿಸಿ, ಆಮೇಲೆ ತಲೆ ಎತ್ತಿ ನೋಡಿ. ಚಾಳಿನ ಮಾಡುಗಳ ಮೇಲೆ ಕರೆಂಟು, ಕೇಬಲ್ಲು ಎಲ್ಲದರ ತಂತಿ ಹಾದಿರುತ್ತದೆ. ಒದ್ದೆ ತಗಡಿಗೆ ಒಂದು ಹರಿದ ತಂತಿ ತಾಗಿದರೂ ಸಾಕು. ಹಗಲಲ್ಲಿ ಬಾಗಿಲು, ಕಿಟಕಿ ಮುಚ್ಚಿ ಒಳಗೆ ನಿಂತರೆ ತೂತುಗಳು ತಾವಾಗಿಯೇ ಬೆಳಕು ಬಿಟ್ಟು ತೋರಿಸುತ್ತವೆ. ಬಿರುಕು ಹಾಗೆ ಕಾಣದು. ತೇವದ ಗೆರೆಗೆ ಸೀಮೆಸುಣ್ಣದ ಗುರುತು ಹಾಕಿ.

2. ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ. ಅದು ತಗಡಿನಂತೆ ಬಾಗುವುದಿಲ್ಲ, ಸದ್ದಿಲ್ಲದೆ ಮುರಿಯುತ್ತದೆ. ಹತ್ತುವವರು ಕೆಳಗಿನ ಅಡ್ಡ ಪೈಪುಗಳಿಗೆ ಭಾರ ಬೀಳುವಂತೆ ಹಲಗೆ ಹಾಕಿ, ಅದರ ಮೇಲೇ ನಡೆಯಬೇಕು. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ಹತ್ತಾರು ವರ್ಷಗಳ ನಂತರವೂ ಕ್ಯಾನ್ಸರ್ ತರಬಲ್ಲದು. ನೀರು ಚಿಮುಕಿಸಿ ಬಿಚ್ಚಿ, ಗರಗಸ ಹಾಕಬೇಡಿ, ಒಣ ಪೊರಕೆಯಿಂದ ಗುಡಿಸಬೇಡಿ. ಮಕ್ಕಳು ಆ ಹೊತ್ತು ಬೇರೆ ಮನೆಯಲ್ಲಿರಲಿ.

3. ಬಿಚ್ಚುವ ಮೊದಲು ಫೋಟೊ ತೆಗೆಯಿರಿ. 2021ರ ಏಪ್ರಿಲ್‌ನಿಂದ ಬಂದಿರುವ 'ಭಾರತ್ ಗೃಹ ರಕ್ಷಾ' ವಿಮೆ ಬಿರುಗಾಳಿಯ ಹಾನಿಯನ್ನು ಭರಿಸುತ್ತದೆ, ಸವೆತವನ್ನು ಭರಿಸುವುದಿಲ್ಲ. ಯಾವುದು ಗಾಳಿಯ ಏಟು, ಯಾವುದು ಹಳೆಯ ತುಕ್ಕು ಎಂಬುದಕ್ಕೆ ಫೋಟೊವೇ ಸಾಕ್ಷಿ. ಕಂಪನಿಗೆ ಕೂಡಲೇ ತಿಳಿಸಿ. ವಿಮೆ ಇಲ್ಲದವರು ಅಧಿಕಾರಿಗಳು ಹಾನಿಯ ಪಂಚನಾಮೆ ಮಾಡುವಂತೆ ಒತ್ತಾಯಿಸಬೇಕು. ಸರ್ಕಾರದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಚಂಡಮಾರುತವೂ ಇದೆ, ಆಲಿಕಲ್ಲೂ ಇದೆ. ಊರಲ್ಲಿ ಬಿಟ್ಟುಬಂದ ಮನೆಗೂ ಅದು ಅನ್ವಯ. 2022-26ರ ನಿಯಮದಲ್ಲಿ, ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಮನೆ ಅಧಿಕೃತವಾಗಿರಬೇಕೆಂಬ ಷರತ್ತೂ ಇದೆ. ಎಷ್ಟೋ ಬಡವರು ಅಲ್ಲೇ ಹೊರಗುಳಿಯುತ್ತಾರೆ. ಇದು ನ್ಯಾಯವಲ್ಲ.

4. ಟಾರ್ಪಾಲನ್ನು ಹಗ್ಗದಿಂದ ಪೈಪಿಗೆ ಕಟ್ಟಿ. ಇಟ್ಟಿಗೆ, ಕಲ್ಲು ಹೇರಿದರೆ ಮುಂದಿನ ಗಾಳಿಗೆ ಅವು ಪಕ್ಕದವರ ತಲೆಯ ಮೇಲೆ ಬೀಳುತ್ತವೆ. ತೂತಿನ ಮೇಲಷ್ಟೇ ಹೊದಿಸಿದರೆ ನೀರು ಅದರ ಅಡಿಗೇ ನುಗ್ಗುತ್ತದೆ. ಮಾಡಿನ ನೆತ್ತಿ ದಾಟಿಸಿ ಆಚೆಗೂ ಇಳಿಬಿಡಿ.

5. ಹೊಸ ಶೀಟು ಹಾಕುವಾಗ ಎದುರಿಗೆ ನಿಂತು ನೋಡಿ. ಬೋಲ್ಟು ಅಲೆಯ ಏರಿನ ಮೇಲೆ ಕೂರಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಮೇಲಿನ ಶೀಟು ಕೆಳಗಿನದರ ಮೇಲೆ ಆರು ಇಂಚಾದರೂ ಬರಲಿ. ಇಲ್ಲಿ ಮಳೆಗಾಳಿ ಸಮುದ್ರದ ಕಡೆಯಿಂದ ಬೀಸುವುದರಿಂದ ಜೋಡಣೆಯ ಬಾಯಿ ಪಶ್ಚಿಮಕ್ಕೆ ತೆರೆದಿರಬಾರದು. ಗಾಳಿ ಶೀಟನ್ನು ಎತ್ತುವುದು ಅಂಚು, ಮೂಲೆಗಳಿಂದ. ಅಲ್ಲಿ ಬೋಲ್ಟು ಒತ್ತೊತ್ತಾಗಿರಲಿ.

6. ಮಾಡು ಬಿಚ್ಚಿದ್ದೇವಲ್ಲ, ಜೊತೆಗೆ ಒಂದು ಮಾಳಿಗೆ ಏರಿಸೋಣ ಎನ್ನಬೇಡಿ. ತೌಕ್ತೆ ಬಂದುಹೋಗಿ ಮೂರು ವಾರ ಕಳೆದಿತ್ತಷ್ಟೇ. 2021ರ ಜೂನ್ 9ರ ರಾತ್ರಿ ಮಲಾಡ್‌ನ ಮಾಲವಣಿಯಲ್ಲಿ ಮನೆಯೊಂದು ಪಕ್ಕದ ಮನೆಯ ಮೇಲೆ ಕುಸಿದು ಎಂಟು ಮಕ್ಕಳೂ ಸೇರಿ ಹಲವರು ಸತ್ತರು. ಚಂಡಮಾರುತದ ನಂತರ ಆ ಕಟ್ಟಡದಲ್ಲಿ ಬದಲಾವಣೆಗಳನ್ನು ಮಾಡಲಾಗಿತ್ತೆಂದು ಪೊಲೀಸರು ಆಗ ಹೇಳಿದ್ದರು. ಜಾಗದ ಇಕ್ಕಟ್ಟು, ಬೆಳೆಯುವ ಸಂಸಾರ, ಮೇಲಿನ ಕೋಣೆಯಿಂದ ಬರುವ ಬಾಡಿಗೆ ಎಲ್ಲವೂ ನಿಜ. ಆದರೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ತಗಡು ಹೊರಬಲ್ಲದು, ಮಾಳಿಗೆ ಹೊರಲಾರದು. ಇದ್ದ ಎತ್ತರಕ್ಕೇ ಮಾಡು ಹಾಕಿ. ಗೋಡೆಯಲ್ಲಿ ಓರೆಯಾದ ಬಿರುಕು ಕಂಡರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಮಹಾನಗರಪಾಲಿಕೆಯ 1916ಕ್ಕೆ ಫೋನ್ ಮಾಡಿ; ಪಕ್ಕದ ಮನೆಯವರನ್ನೂ ಎಬ್ಬಿಸಿ.

7. ಫ್ಲ್ಯಾಟಿನ ಮೇಲಿನ ಮಹಡಿಯವರು ಸೋರಿಕೆಯ ಬಗ್ಗೆ ಹೌಸಿಂಗ್ ಸೊಸೈಟಿಗೆ ಬರೆದು ಕೊಡಿ. ಮಳೆನೀರಿನ ಸೋರಿಕೆಯನ್ನು ಸರಿಪಡಿಸುವುದು ಮಹಾರಾಷ್ಟ್ರದ ಮಾದರಿ ಉಪವಿಧಿಗಳ ಪ್ರಕಾರ ಸೊಸೈಟಿಯದೇ ಹೊಣೆ. ಬಾಯಿಮಾತು ಬೇಡ, ಅರ್ಜಿಯ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಅದನ್ನೂ ಬೇಗ ಕೊಡಬೇಕು: ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11, ಆದರೆ 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತು. ಮಳೆ ಹಿಡಿದ ಮೇಲೆ ಟೆರೇಸಿನ ವಾಟರ್‌ಪ್ರೂಫಿಂಗ್ ಕೆಲಸ ಆಗುವುದಿಲ್ಲ.