ಗಾಂಧೀಜಿಯವರ ನ್ಯಾಯದೃಷ್ಟಿ ವಿಸ್ತರಿಸಿದ ಬಗೆ

1893ರ ಜೂನ್ 7ರ ರಾತ್ರಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ತರುಣ ಬ್ಯಾರಿಸ್ಟರೊಬ್ಬರನ್ನು ರೈಲಿನಿಂದ ಹೊರದಬ್ಬಿದ ಪ್ರಸಂಗವನ್ನು ಅರಿಯದ ವಿದ್ಯಾರ್ಥಿಯಿಲ್ಲ. ಆ ರಾತ್ರಿಯೇ ಮಹಾತ್ಮರು ಉದಯಿಸಿದರೆಂದು ಹೇಳಿ ಪಾಠವನ್ನು ಮುಗಿಸುವುದು ರೂಢಿ. ಆದರೆ ಅನ್ಯಾಯವನ್ನುಂಡವನಿಗೆ ಪರರ ನೋವೂ ಒಡನೆಯೇ ಗೋಚರಿಸುವುದೆಂಬುದನ್ನು ಅವರ ಜೀವನವೇ ಸಮರ್ಥಿಸುವುದಿಲ್ಲ.

ಡರ್ಬನ್ನಿನ ಅಂಚೆ ಕಚೇರಿಗೆ ಆಗ ಎರಡು ಬಾಗಿಲುಗಳಿದ್ದವು. ಒಂದು ಬಿಳಿಯರಿಗೆ, ಇನ್ನೊಂದು ಆಫ್ರಿಕನರಿಗೂ ಏಷ್ಯದವರಿಗೂ. ಗಾಂಧೀಜಿ 1894ರಲ್ಲಿ ಸ್ಥಾಪಿಸಿದ ನೇಟಾಲ್ ಇಂಡಿಯನ್ ಕಾಂಗ್ರೆಸ್ಸು ಇದನ್ನು ಪ್ರತಿಭಟಿಸಿತು. 1895ರ ವೇಳೆಗೆ ಭಾರತೀಯರಿಗೆಂದೇ ಮೂರನೆಯ ಬಾಗಿಲು ದೊರೆಯಿತು. ಬಾಗಿಲುಗಳ ಭೇದವೇ ಅಳಿಯಬೇಕೆಂಬ ಬೇಡಿಕೆ ಅಂದು ಹುಟ್ಟಿರಲಿಲ್ಲ. ಆ ವರ್ಷಗಳ ಅವರ ಬರಹಗಳಲ್ಲಿ ಆಫ್ರಿಕನರನ್ನು ಕುರಿತ ಹೀನಾಯದ ಮಾತುಗಳೂ ಉಂಟು. ಅವನ್ನು ಮರೆಮಾಚಿದ ಮಾತ್ರಕ್ಕೆ ಅವರ ಹಿರಿಮೆ ಹೆಚ್ಚದು.

1906ರಲ್ಲಿ ತಲೆಗಂದಾಯದ ವಿರುದ್ಧ ಜುಲು ಜನ ದಂಗೆಯೆದ್ದರು. ಬ್ರಿಟಿಷ್ ಸಾಮ್ರಾಜ್ಯವು ಲೋಕಹಿತಕ್ಕಾಗಿಯೇ ಇದೆಯೆಂದು ನಂಬಿದ್ದ ಗಾಂಧೀಜಿ ಸುಮಾರು 20 ಮಂದಿ ಭಾರತೀಯರೊಡನೆ ಗಾಯಾಳುಗಳ ಸೇವೆಗೆ ಸರಕಾರದ ಪರವಾಗಿ ಹೊರಟರು. ಅವರ ಪಾಲಿಗೆ ಬಂದವರು ಗಾಯಗೊಂಡ ಜುಲುಗಳೇ. ಅವರಲ್ಲಿ ಹಲವರು ಕಾಳಗದಲ್ಲಿ ಗಾಯಗೊಂಡವರಾಗಿರದೆ, ಬರಿಯ ಸಂಶಯದ ಮೇಲೆ ಚಾವಟಿಯ ಏಟು ತಿಂದವರಾಗಿದ್ದರು. ಆರೈಕೆಯಿಲ್ಲದೆ ಅವರ ಹುಣ್ಣುಗಳು ಕೀತಿದ್ದವು. ಬಿಳಿಯರು ಅವರನ್ನು ಉಪಚರಿಸಲೊಲ್ಲದೆ ಹೋದರು. ನಡೆದುದು ಯುದ್ಧವಲ್ಲ, ಮನುಷ್ಯರ ಬೇಟೆಯೆಂದು ಗಾಂಧೀಜಿಗೆ ಮನವರಿಕೆಯಾಯಿತು. ಸಾಮ್ರಾಜ್ಯನಿಷ್ಠೆ ಮಾತ್ರ ಅಳಿಯಲಿಲ್ಲ.

ದೃಷ್ಟಿಯ ಈ ಬೆಳವಣಿಗೆ ಮೆಟ್ಟಿಲೇರಿದಂತೆ ಕ್ರಮವಾದುದೂ ಅಲ್ಲ. 1908ರ ಆರಂಭದಲ್ಲಿ ಸೆರೆಮನೆ ಸೇರಿದಾಗ, ಭಾರತೀಯರನ್ನು ಆಫ್ರಿಕನರೊಡನೆ ಇರಿಸಿದರೆಂದು ಅವರು ಅಸಮಾಧಾನಗೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಜೊಹಾನೆಸ್‌ಬರ್ಗಿನ ಸಭೆಯಲ್ಲಿ, ಎಲ್ಲ ಜನಾಂಗಗಳೂ ಬೆರೆತು ಜಗತ್ತು ಕಂಡರಿಯದ ನಾಗರಿಕತೆಯೊಂದನ್ನು ನಿರ್ಮಿಸುವ ಕನಸನ್ನು ಮುಂದಿಟ್ಟರು. ಒಂದೇ ಮನಸ್ಸಿನಲ್ಲಿ ಹಳತೂ ಹೊಸತೂ ಏಕಕಾಲಕ್ಕೆ ನೆಲೆಸಿದ್ದವು.

1918ರಲ್ಲಿಯೂ ಅವರು ಖೇಡಾ ಜಿಲ್ಲೆಯಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನರನ್ನು ಸೇರಿಸಲು ಊರೂರು ಅಲೆದರು. ರೌಲಟ್ ಶಾಸನ, ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡಗಳ ತರುವಾಯ, 1920ರ ಆಗಸ್ಟ್ 1ರಂದು ಸರಕಾರದ ಪದಕಗಳನ್ನು ಹಿಂದಿರುಗಿಸಿದರು. ಜುಲು ದಂಗೆಯ ಕಾಲದ ಸೇವೆಗೆ ದೊರೆತ ಪದಕವೂ ಅವುಗಳಲ್ಲಿತ್ತು.

ಆದರೂ 1939ರಲ್ಲಿ, ಭಾರತೀಯರೂ ಆಫ್ರಿಕನರೂ ಒಂದೇ ರಂಗವಾಗಿ ಹೋರಾಡುವುದು ಬೇಡವೆಂದೇ ಅವರು ಸಲಹೆಯಿತ್ತರು. ಅಲ್ಲಿನ ಕಿರಿಯ ನಾಯಕರು ಬೇರೆ ಹಾದಿ ಹಿಡಿದರು. 1947ರ ಮಾರ್ಚ್ 9ರಂದು ಟ್ರಾನ್ಸ್‌ವಾಲಿನ ಡಾ. ದಾದೂ ಮತ್ತು ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿನ ಡಾ. ನಾಯ್ಕರ್ ಅವರು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಡಾ. ಕ್ಸುಮಾ ಅವರೊಡನೆ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದರು. ಅನಂತರ ದಾದೂ, ನಾಯ್ಕರ್ ಇಬ್ಬರೂ ಭಾರತಕ್ಕೆ ಬಂದು ಗಾಂಧೀಜಿಯವರನ್ನು ಕಂಡರು.