ತವರು ಬಿಟ್ಟ ಓಟ

ಓಟದ ಪಂದ್ಯವೊಂದು ಹುಟ್ಟಿದ ನೆಲವನ್ನು ಬಿಟ್ಟು ಪರಸ್ಥಳಕ್ಕೆ ಹೊರಟರೆ ಎರಡೇ ಮಾರ್ಗ: ಓಡುವವರು ಹೊಸ ಹಾದಿಗೆ ಒಗ್ಗಬೇಕು, ಇಲ್ಲವೆ ಹಾದಿಯನ್ನೇ ಜೊತೆಗೆ ಒಯ್ಯಬೇಕು.

ಮೊದಲನೆಯದಕ್ಕೆ ಅಮೆರಿಕದ ನಿದರ್ಶನವಿದೆ. ನಾಸ್ಕಾರ್ ಸಂಸ್ಥೆಯ ಬುಷ್ ಸರಣಿಯ ಕಾರು ಪಂದ್ಯವು 2005ರ ಮಾರ್ಚ್ 6ರಂದು ಮೊದಲ ಬಾರಿಗೆ ದೇಶದಾಚೆ, ಮೆಕ್ಸಿಕೋ ನಗರದಲ್ಲಿ ನಡೆಯಿತು. ಅಂಡಾಕಾರದ ಹಾದಿಯಲ್ಲಿ ಹೆಚ್ಚಾಗಿ ಎಡಕ್ಕೇ ತಿರುಗಿ ಪಳಗಿದ ಚಾಲಕರು ಅಲ್ಲಿ ಎಡಬಲಗಳೆರಡಕ್ಕೂ ತಿರುಗಬೇಕಾಯಿತು. ಮಾರ್ಟಿನ್ ಟ್ರೂಯೆಕ್ಸ್ ಜೂನಿಯರ್ ಗೆದ್ದರು.

ಎರಡನೆಯದು ನಮ್ಮ ನಾಡಿನದೇ. ಕಂಬಳಕ್ಕೆ ಅವಕಾಶವೀಯುವ ಕರ್ನಾಟಕದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2023ರ ಮೇ 18ರಂದು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರ್ 25, 26ರಂದು ಕರಾವಳಿಯ ಕಂಬಳವು ಮೊದಲ ಬಾರಿಗೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತು. ಕೋಣಗಳ ಓಟಕ್ಕೆ ಕೆಸರುನೀರಿನ ‘ಕರೆ’ಯೇ ಬೇಕು. ‘ಕನೆಹಲಗೆ’ ವಿಭಾಗದಲ್ಲಂತೂ ಹಲಗೆಯಿಂದ ಚಿಮ್ಮಿದ ನೀರು ಎಷ್ಟೆತ್ತರದ ನಿಶಾನೆಯನ್ನು ಮುಟ್ಟಿತೆಂಬುದೇ ಗೆಲುವಿನ ಅಳತೆ. ಆದುದರಿಂದ ಮೈದಾನದಲ್ಲಿ ಜೋಡುಕರೆಯನ್ನೇ ಕಟ್ಟಿ ನೀರು ತುಂಬಿಸಿದರು.

ಕರೆಯನ್ನು ಒಯ್ಯಬಹುದು, ಗದ್ದೆಯನ್ನು ಒಯ್ಯಲಾದೀತೆ? ಕಂಬಳದ ‘ನೇಗಿಲು’, ‘ಹಗ್ಗ’ ಎಂಬ ವಿಭಾಗಗಳ ಹೆಸರುಗಳೇ ಬೇಸಾಯದವು. ದುದ್ದದ ಒಕ್ಕಲು ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಾದ ನನಗೆ ಇದು ಬರಿಯ ಆಟದ ಪ್ರಶ್ನೆಯಾಗಿ ತೋರದು. ನಮ್ಮ ಮಂಡ್ಯದ ಸೀಮೆಯಲ್ಲಿಯೂ ಎತ್ತಿನಗಾಡಿಯ ಓಟಗಳುಂಟು. ಉಳುವುದು ಮಾತ್ರ ಹೆಚ್ಚಾಗಿ ಟ್ರಾಕ್ಟರು. ಉಳುಮೆ ತಪ್ಪಿದ ಮೇಲೆ, ಓಟಕ್ಕೆಂದೇ ಜೋಡಿಯನ್ನು ಸಾಕಬಲ್ಲವನು ಉಳ್ಳವನೊಬ್ಬನೇ. ರಾಜಧಾನಿಯ ಚಪ್ಪಾಳೆಯಿಂದ ಕಂಬಳಕ್ಕೆ ಕೀರ್ತಿ ಬಂದುದು ನಿಜ. ಆದರೆ ಅದು ಬಾಳುವುದು ಕೋಣ ಸಾಕುವ ಒಕ್ಕಲು ಬಾಳಿದರೆ ಮಾತ್ರ.