ವಾಲ್ಕಿರಿ ಹುಡುಕಲು ಹೋಗಿ ವೀರಗಲ್ಲಿಗೆ ಬಂದು ನಿಂತ್ವಿ

ಹೋದ ರಜೆಯಲ್ಲಿ ನಾವು ಮೂವರು ಸೇರಿ ಒಂದು ಫ್ಯಾಂಟಸಿ ಕಾದಂಬರಿ ಬರೆಯೋದು ಅಂತ ನಿರ್ಧಾರ ಮಾಡಿದ್ವಿ. ಭಾಷೆ ಕನ್ನಡ, ಆದರೆ ಕಥೆಯ ಲೋಕ ಪೂರ್ತಿ ನಾರ್ಡಿಕ್. ಹಿಮ, ಉದ್ದನೆಯ ಹಡಗು, ಕೊಡಲಿ ಹಿಡಿದ ವೀರರು, ಒಕ್ಕಣ್ಣಿನ ಓಡಿನ್. ನಾವು ಓದಿದ್ದು, ನೋಡಿದ್ದು, ಗೇಮ್‌ನಲ್ಲಿ ಆಡಿದ್ದು ಎಲ್ಲ ಅದೇ ತಾನೆ! ಕಾದಂಬರಿ ಇನ್ನೂ ಮೂರನೇ ಅಧ್ಯಾಯ ದಾಟಿಲ್ಲ. ಆದರೆ ಅದಕ್ಕಾಗಿ ಮಾಡಿದ ಹುಡುಕಾಟದಷ್ಟು ಖುಷಿ ನಮಗೆ ಯಾವ ಅಸೈನ್‌ಮೆಂಟೂ ಕೊಟ್ಟಿಲ್ಲ. ಬರೆಯುವ ಆಸೆ ಇರುವ ಉಳಿದವರಿಗೂ ಉಪಯೋಗ ಆಗಲಿ ಅಂತ, ಕಲಿತ ನಾಲ್ಕು ಪಾಠಗಳನ್ನು ಇಲ್ಲಿ ಇಡುತ್ತಿದ್ದೇವೆ.

ಪಾಠ 1: ಮೂಲದ ಮೂಲ ಹುಡುಕಿ

1937ರಲ್ಲಿ ಟೋಲ್ಕಿನ್ 'ದಿ ಹಾಬಿಟ್' ಪ್ರಕಟಿಸಿದಾಗ ಅದರ ಕುಬ್ಜರಿಗೆಲ್ಲ ಇಟ್ಟ ಹೆಸರುಗಳು ಬಹುಪಾಲು 'ವೊಲುಸ್ಪಾ' ಎಂಬ ಹಳೆಯ ನಾರ್ಸ್ ಕಾವ್ಯದ ಪಟ್ಟಿಯವು. ಗ್ಯಾಂಡಾಲ್ಫ್ ಅನ್ನೋ ಹೆಸರೂ ಅದೇ ಪಟ್ಟಿಯಲ್ಲಿದೆ, ಅಲ್ಲಿ ಅವನೂ ಒಬ್ಬ ಕುಬ್ಜ! ಇದು ಗೊತ್ತಾದ ದಿನ ನಾವು ರಾತ್ರಿ ಎರಡರ ತನಕ ಮಲಗಲಿಲ್ಲ.

ಆಮೇಲೆ ಇನ್ನೊಂದು ವಿಷಯ ತಿಳಿಯಿತು. ಓಡಿನ್, ಥೋರ್ ಬಗ್ಗೆ ಇವತ್ತು ಗೊತ್ತಿರುವ ಕಥೆಗಳಲ್ಲಿ ಹೆಚ್ಚಿನವು ಐಸ್‌ಲ್ಯಾಂಡಿನಲ್ಲಿ 13ನೇ ಶತಮಾನದಲ್ಲಿ ಬರಹಕ್ಕೆ ಇಳಿದವು. ಸ್ನೋರಿ ಸ್ಟರ್ಲುಸನ್ ತನ್ನ 'ಎಡ್ಡಾ' ಬರೆದದ್ದು ಸುಮಾರು 1220ರಲ್ಲಿ. ಅಷ್ಟರಲ್ಲಿ ಆ ದೇಶ ಕ್ರೈಸ್ತ ಧರ್ಮಕ್ಕೆ ಹೋಗಿ ಇನ್ನೂರು ವರ್ಷದ ಮೇಲಾಗಿತ್ತು. ಅಂದರೆ ಹಳೆಯ ದೇವರನ್ನು ಪೂಜೆ ಮಾಡದವರು ಬರೆದಿಟ್ಟ ಹಳೆಯ ದೇವರ ಕಥೆ ಅದು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಪ್ರತಿ ಸಂಗತಿಯ ಪಕ್ಕ ಎರಡು ಕಾಲಂ ಹಾಕಿದ್ವಿ: ಯಾರು ಹೇಳಿದ್ದು, ಘಟನೆ ಆಗಿ ಎಷ್ಟು ವರ್ಷಕ್ಕೆ ಹೇಳಿದ್ದು. ಲ್ಯಾಬ್ ರೆಕಾರ್ಡ್ ಬರೆಯುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು.

ಪಾಠ 2: ಎರಡು ಕಾಲರೇಖೆ ಹಾಕಿ

ವೈಕಿಂಗ್ ಕಾಲ ಅಂದರೆ ಸಾಮಾನ್ಯವಾಗಿ 793ರಿಂದ 1066. ಗೋಡೆಗೆ ಚಾರ್ಟ್ ಅಂಟಿಸಿ ಗೆರೆ ಎಳೆದ ಮೇಲೆ ಒಬ್ಬರಿಗೆ ತಲೆಗೆ ಬಂತು, 'ಆಗ ನಮ್ಮ ಕಡೆ ಏನಿತ್ತು?' ಕೆಳಗೆ ಇನ್ನೊಂದು ಗೆರೆ ಎಳೆದ್ವಿ. 10ನೇ ಶತಮಾನದಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ' ಬರೆದ. ಪಂಪನ ಊರೆಂದು ಹೆಸರಾದ ಅಣ್ಣಿಗೇರಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿ ಎದ್ದದ್ದು 11ನೇ ಶತಮಾನದಲ್ಲಿ. ಸ್ವೀಡನ್ನಿನ ಹೆಚ್ಚಿನ ರೂನ್ ಕಲ್ಲುಗಳೂ ಅದೇ ಶತಮಾನದವು. ಅಲ್ಲಿ ಉಳಿ ಸದ್ದು ಮಾಡುವಾಗ ಇಲ್ಲೂ ಮಾಡುತ್ತಿತ್ತು. ಹುಬ್ಬಳ್ಳಿ-ಗದಗ ರೈಲಿನಲ್ಲಿ ಎಷ್ಟೋ ಸಲ ಅಣ್ಣಿಗೇರಿ ದಾಟಿದ್ವಿ, ಒಮ್ಮೆಯೂ ಇಳಿದಿರಲಿಲ್ಲ.

ಪಾಠ 3: ಪರದೆ ಬಿಟ್ಟು ಕಲ್ಲಿನ ಮುಂದೆ ನಿಲ್ಲಿ

ಗಾಟ್‌ಲ್ಯಾಂಡ್ ದ್ವೀಪದಲ್ಲಿ ಚಿತ್ರಗಲ್ಲುಗಳಿವೆ. ಒಂದರಲ್ಲಿ ಎಂಟು ಕಾಲಿನ ಕುದುರೆ ಮೇಲೆ ವೀರ ಬರುತ್ತಾನೆ, ಹೆಣ್ಣೊಬ್ಬಳು ಪಾನದ ಕೊಂಬು ಹಿಡಿದು ಎದುರುಗೊಳ್ಳುತ್ತಾಳೆ. ಆಕೆ ಸತ್ತ ವೀರರನ್ನು ವಲ್ಹಲ್ಲಾಕ್ಕೆ ಕರೆದೊಯ್ಯುವ ವಾಲ್ಕಿರಿ ಇರಬೇಕು ಎನ್ನುತ್ತಾರೆ. ಅದರ ಫೋಟೋ ನೋಡುತ್ತಿದ್ದಾಗ ನಮ್ಮಲ್ಲೊಬ್ಬ, 'ಲೇ, ಇಂಥಾದ್ದು ನಮ್ಮೂರ ಹಣಮಪ್ಪನ ಗುಡಿ ಹಿಂದ ಐತಿ' ಅಂದ.

ಮರುದಿನ ನವಲಗುಂದ ತಾಲೂಕಿನ ಅವನ ಊರಿಗೆ ಹೋದ್ವಿ. ಅರ್ಧ ನೆಲದಲ್ಲಿ ಹೂತ, ಎಣ್ಣೆ ಕುಡಿದು ಕಪ್ಪಾದ ವೀರಗಲ್ಲು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಹಿಂದೆ ದನಗಳು, ಅಂದರೆ ತುರುಗಾಳಗ. ನಡುವೆ ಅಪ್ಸರೆಯರು ವೀರನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ, ಮೇಲೆ ಸೂರ್ಯ ಚಂದ್ರ. ಪಟ್ಟಿಗಳ ನಡುವೆ ಸವೆದ ಎರಡು ಸಾಲು ಹಳಗನ್ನಡ.

ಮಿತ್ರನ ಅಜ್ಜ ಕಟ್ಟೆ ಮೇಲೆ ಕೂತಿದ್ದರು. 'ಏನ್ ಬರದೈತ್ರೋ ಅದರಾಗ?' ಅಂತ ಕೇಳಿದರು. ನಾವು ಮುಖ ಮುಖ ನೋಡಿಕೊಂಡ್ವಿ. ಒಂದೇ ವಾರದಲ್ಲಿ ರೂನ್ ಲಿಪಿ ಕಲಿತು ನೋಟ್‌ಬುಕ್ ಮೇಲೆ ಹೆಸರು ಬರೆದುಕೊಂಡಿದ್ದವರು ನಾವು. ಅದನ್ನು ಮೊಮ್ಮಗ ಹೇಳಿಬಿಟ್ಟ. ಅಜ್ಜ ನಕ್ಕು, 'ಅಲ್ಲೋ ತಮ್ಮಾ, ಹಿಮದ ದೇಶದ ಅಕ್ಷರಾ ಬರ್ತಾವು, ಮನಿ ಹಿಂದಿನ ಕಲ್ಲು ಓದಾಕ ಬರೂದಿಲ್ಲೇನು?' ಅಂದರು. ಬೈದಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ನೀವೂ ಹೋದರೆ ಕಲ್ಲನ್ನು ಉಜ್ಜಬೇಡಿ, ಸುಣ್ಣ, ಚಾಕ್‌ಪೀಸ್ ಹಚ್ಚಬೇಡಿ. ಸಂಜೆಯ ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಗೆರೆಗಳು ತಾವೇ ಎದ್ದು ಕಾಣುತ್ತವೆ. ನಮ್ಮ ಭಾಗದ ಎಷ್ಟೋ ಶಾಸನಗಳ ಪಾಠ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ 11, 15, 18, 20ನೇ ಸಂಪುಟಗಳಲ್ಲಿವೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಇದೇ ಕೆಲಸದಲ್ಲಿದೆ. ನಾವೀಗ ವಾರಕ್ಕೆರಡು ದಿನ ಹಳಗನ್ನಡ ಲಿಪಿ ತಿದ್ದುತ್ತಿದ್ದೇವೆ. ಆ ಎರಡು ಸಾಲಿನಲ್ಲಿ ಇದುವರೆಗೆ ಬಿಡಿಸಿದ್ದು ಮೂರೇ ಮೂರು ಅಕ್ಷರ.

ಪಾಠ 4: ಭಯ ನೆಲದಿಂದ ಬರಬೇಕು

ನಾರ್ಸ್ ಕಥೆಯಲ್ಲಿ ಲೋಕ ಮುಗಿಯುವ ಮುಂಚೆ 'ಫಿಂಬುಲ್‌ವಿಂಟರ್' ಬರುತ್ತದೆ. ನಡುವೆ ಬೇಸಿಗೆಯೇ ಇಲ್ಲದ ಮೂರು ಚಳಿಗಾಲ. 536ರಲ್ಲಿ ಜ್ವಾಲಾಮುಖಿಯ ಬೂದಿಯಿಂದ ಬಿಸಿಲು ಮಂಕಾಗಿ ಬೆಳೆ ಹೋದ ನೆನಪು ಅದರಲ್ಲಿದೆ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಅಂದರೆ ಆ ಭಯ ಅವರು ಉಂಡದ್ದು. ಹಿಮವನ್ನೇ ಕಾಣದ ನಾವು ಬರೆದ ಮೂರು ಪುಟದ ಹಿಮ ಓದಿದರೆ ಫ್ರಿಜ್ ಬಾಗಿಲು ತೆಗೆದಂಗೆ ಅನ್ನಿಸಿತು, ಅಷ್ಟೇ.

ನಮ್ಮ ಎರಿ ನೆಲದ ಭಯ ಬೇರೆ. ಇಲ್ಲಿ ಮಳೆ ಬರದಿದ್ದರೆ ನೆಲ ಬಾಯಿ ಬಿಡುತ್ತದೆ, ಬಂದರೆ ಬೆಣ್ಣಿಹಳ್ಳ ಹೊಲ ನುಂಗುತ್ತದೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ನೂರಾರು ತಲೆಬುರುಡೆ ಸಿಕ್ಕವು. ಯುದ್ಧದ್ದೋ ಬರದ್ದೋ ಎಂದು ಚರ್ಚೆ ಆಯಿತು, 1790ರ ಸುಮಾರಿನ ಡೋಗಿ ಬರದ ಹೆಸರೂ ಬಂತು. ನಮಗೆ ಮೊದಲು ಹೊಳೆದದ್ದು, 'ವಾವ್, ಕಾದಂಬರಿಗೆ ಸೂಪರ್ ಸೀನ್!' ಆಮೇಲೆ ಮೂವರೂ ಸುಮ್ಮನಾದ್ವಿ. ಅವರು ಯಾರದೋ ಅಜ್ಜ, ಯಾರದೋ ಮಗಳು. ಆ ಬುರುಡೆಗಳನ್ನು ಕಥೆಗೆ ತರಬಾರದು ಅಂತ ಠರಾವು ಮಾಡಿದ್ವಿ. ಹುಡುಕಾಟ ಅಂದರೆ ಸಿಕ್ಕಿದ್ದೆಲ್ಲ ಬಳಸೋದಲ್ಲ, ಏನನ್ನು ಬಿಡಬೇಕು ಅಂತ ತಿಳಿಯೋದೂ ಹೌದು.

ಈಗ ಕಥೆಯ ಲೋಕ ಬದಲಾಗಿದೆ. ಮೂರು ಚಳಿಗಾಲದ ಬದಲು ಸತತ ಮೂರು ಮುಂಗಾರು ಕೈಕೊಡುತ್ತವೆ. ಡ್ರ್ಯಾಗನ್ ತಲೆಯ ಹಡಗಿನ ಜಾಗದಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲು ಬಂದಿದೆ, ಸಭಾಮಂಟಪದಲ್ಲಿ ನವಲಗುಂದದ ಜಮಖಾನ ಹಾಸಿದೆ. ಓಡಿನ್‌ನನ್ನು ಬಿಟ್ಟಿಲ್ಲ, ಅವನು ದೂರದ ಅತಿಥಿಯಾಗಿ ಬರುತ್ತಾನೆ. ನಾಯಕ ಮಾತ್ರ ದನ ಕಾಯಲು ಹೋಗಿ ಸತ್ತ ಆ ಕಲ್ಲಿನ ಮನುಷ್ಯ. ಅವನಿಗೆ ನಾವಾಗಿ ಹೆಸರು ಇಟ್ಟಿಲ್ಲ. ಆ ಎರಡು ಸಾಲಿನಲ್ಲಿ ಅವನ ಹೆಸರು ಇರಬಹುದು, ಓದಲು ಬಂದ ದಿನ ಮೊದಲು ಅಜ್ಜನಿಗೆ ಹೇಳಿ ಆಮೇಲೆ ಬರೆಯುತ್ತೇವೆ.

ನಿಮ್ಮೂರ ಗುಡಿ ಹಿಂದೆ, ಕೆರೆ ದಂಡೆಯಲ್ಲಿ ಇಂಥ ಕಲ್ಲಿದ್ದರೆ ಫೋಟೋ ತೆಗೆದು ಕನ್ನಡ ಬಳಗಕ್ಕೆ ಕಳಿಸಿ. ಕೂಡಿ ಓದೋಣ.